ಅಜ್ಜಿಯ ಹತ್ತಿರ ಹರಟೆ, ಅಪ್ಪನ ಹತ್ತಿರ ‘ಗೊತ್ತಿಲ್ಲ’

ಪ್ರಶ್ನೆ: ಮಗಳಿಗೆ ನಾಲ್ಕೂವರೆ ವರ್ಷ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿದವಳು ಡಿಸೆಂಬರ್ ಬಂದರೂ ತರಗತಿಯಲ್ಲಿ ಬಾಯಿ ಬಿಟ್ಟಿಲ್ಲವಂತೆ. ‘ಹಟಮಾರಿ’ ಎನ್ನುತ್ತಾರೆ ಟೀಚರ್. ಸಂಜೆ ನಾನು ‘ಏನು ಕಲಿತೆ? ಇದು ಯಾವ ಬಣ್ಣ? ರೈಮ್ಸ್ ಹೇಳು’ ಎಂದರೆ ‘ಗೊತ್ತಿಲ್ಲ’ ಎಂಬ ಒಂದೇ ಉತ್ತರ. ಅದೇ ಹುಡುಗಿ ನನ್ನ ತಾಯಿಯ ಜೊತೆ ಅವರೆಕಾಯಿ ಸುಲಿಯುತ್ತ ಗಂಟೆಗಟ್ಟಲೆ ಹರಟುತ್ತಾಳೆ. ನನ್ನಿಂದ ಏನು ತಪ್ಪಾಗಿದೆ?
– ಒಬ್ಬ ತಂದೆ, ಮಂಡ್ಯ

ಉತ್ತರ: ಅರ್ಧ ಉತ್ತರವನ್ನು ನೀವೇ ಬರೆದಿದ್ದೀರಿ. ಅಜ್ಜಿಯ ಮುಂದೆ ಕೈಗೆ ಕೆಲಸವಿದೆ, ಕಣ್ಣು ಮೊರದ ಮೇಲಿದೆ, ಮಾತು ತಾನಾಗಿ ಬರುತ್ತದೆ. ನೀವು ಕೇಳುವುದೆಲ್ಲ ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆಗಳು. ಅವಳ ಲಂಗ ಕೆಂಪೆಂದು ನಿಮಗೆ ಕಾಣುವುದಿಲ್ಲವೇ? ಇದು ಪರೀಕ್ಷೆ ಎಂದು ಮಗುವಿಗೆ ತಕ್ಷಣ ತಿಳಿಯುತ್ತದೆ.

ಕೇಳಿದ ಮೇಲೆ ಕಾಯುತ್ತೀರಾ? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಯ ಮಾತುಗಳನ್ನು ಧ್ವನಿಮುದ್ರಿಸಿ ಅಳೆದರು. ಪ್ರಶ್ನೆ ಕೇಳಿದ ಶಿಕ್ಷಕರು ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. 3 ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಮೂರು ಸೆಕೆಂಡ್ ಏನು ಮಹಾ ಎನ್ನಬೇಡಿ. ಪಾಠ ಮಾಡಿದ ನನ್ನನ್ನು ಕೇಳಿ, ಅದೊಂದು ಯುಗ.

ಅವಳು ‘ಹುಳ ಓಡಿದ’ ಎಂದರೆ ತಿದ್ದಲು ಹೋಗಬೇಡಿ. ‘ಅಯ್ಯೋ, ಓಡಿಹೋಯಿತೇ? ಎಲ್ಲಿಗೆ?’ ಎನ್ನಿ. ಸರಿಯಾದ ರೂಪ ಕಿವಿಗೆ ಬೀಳುತ್ತದೆ, ಮಾತೂ ಮುಂದುವರಿಯುತ್ತದೆ.

ಶಾಲೆಯ ಮೌನ ಬೇರೆ ವಿಷಯ. ಸೇರಿದ ಮೊದಲ ತಿಂಗಳು ಮಕ್ಕಳು ಮಾತನಾಡದಿದ್ದರೆ ಯಾರೂ ಹೆದರಬೇಕಿಲ್ಲ. ಆರು ತಿಂಗಳಾದರೆ ಅದನ್ನು ಹಟ ಎಂದು ತಳ್ಳಿಹಾಕುವುದು ಅನ್ಯಾಯ. ಎಷ್ಟೋ ಸಲ ಅದು ಮಾತನ್ನು ಗಂಟಲಲ್ಲೇ ಕಟ್ಟಿಹಾಕುವ ಆತಂಕ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಿಮ್ಮೂರಿನಿಂದ ಗಂಟೆಯ ದಾರಿ. ಒಮ್ಮೆ ತೋರಿಸಿ, ಕಿವಿಯನ್ನೂ ಪರೀಕ್ಷಿಸಲಿ.

ಟೀಚರ್ ಜೊತೆ ಜಗಳ ಬೇಡ. ಅವಳನ್ನು ಎಲ್ಲರೆದುರು ನಿಲ್ಲಿಸಿ ಹೇಳಿಸಬಾರದೆಂದೂ, ‘ಇವಳು ಮಾತೇ ಆಡುವುದಿಲ್ಲ’ ಎಂದು ಅವಳ ಕಿವಿಗೆ ಬೀಳುವಂತೆ ಹೇಳಬಾರದೆಂದೂ ಕೇಳಿಕೊಳ್ಳಿ. (ನೀವೂ ನೆಂಟರ ಮುಂದೆ ಹೇಳುತ್ತಿರಬಹುದು, ನಿಲ್ಲಿಸಿ.) ತಲೆಯಾಡಿಸಿದರೆ, ಬೆರಳು ತೋರಿದರೆ ಸದ್ಯಕ್ಕೆ ಅದನ್ನೇ ಉತ್ತರವೆಂದು ಒಪ್ಪಿಕೊಳ್ಳಲಿ.

ಇವತ್ತು ಸಂಜೆ ಮೊಬೈಲ್ ಒಳಗಿಟ್ಟು ಮೊರದ ಮುಂದೆ ಕುಳಿತುಬಿಡಿ. ಏನೂ ಕೇಳಬೇಡಿ. ಅವರೆಕಾಯಿಯಲ್ಲಿ ಹುಳ ಸಿಕ್ಕರೆ ಅವಳಿಗೆ ತೋರಿಸಿ, ಅಷ್ಟೇ.