ರಸ್ಟ್ ಕಂಪೈಲರ್ ಒಪ್ಪಿದ ಮೇಲೂ ಥ್ರೆಡ್ ಟೆಸ್ಟ್ ಬೇಕಾ, ಸೆಷನ್ ಟೈಪ್ ಕಲೀಬೇಕಾ?

"ರಸ್ಟ್ ಭಾಷೆಯಲ್ಲಿ ಕೋಡ್ ಕಂಪೈಲ್ ಆದ್ರೆ ಥ್ರೆಡ್ (ಪ್ರೋಗ್ರಾಂನೊಳಗೆ ಒಟ್ಟೊಟ್ಟಿಗೆ ಓಡೋ ಕೆಲಸದ ಎಳೆ) ತಲೆನೋವು ಮುಗೀತು, ಇನ್ನು ಟೆಸ್ಟ್ ಯಾಕೆ" ಅಂದಿದ್ದೀರಲ್ಲ, ಇದೇ ಮಾತನ್ನ ನಾನೂ ಮೀಟಿಂಗಲ್ಲಿ ಎದೆ ತಟ್ಟಿಕೊಂಡು ಹೇಳಿದ್ದೆ.

ಬಸ್ ಟಿಕೆಟ್ ದರ ಹೇಳೋ ಸರ್ವೀಸ್ ಅದು. ಸಿ++ನಿಂದ ರಸ್ಟ್‌ಗೆ ತಂದಿದ್ವಿ. ಆರ್‌ಸಿಯನ್ನ (ಒಂದೇ ಥ್ರೆಡ್‌ನೊಳಗೆ ಡೇಟಾ ಹಂಚಿಕೊಳ್ಳೋ ಪಾಯಿಂಟರ್) ಇನ್ನೊಂದು ಥ್ರೆಡ್‌ಗೆ ಕೊಡೋಕೆ ಹೋದ್ರೆ 'ಇದು ಸೆಂಡ್ ಅಲ್ಲ', ಅಂದ್ರೆ ಬೇರೆ ಥ್ರೆಡ್‌ಗೆ ಕಳಿಸೋ ಹಾಗಿಲ್ಲ, ಅಂತ ಕಂಪೈಲರ್ ತಡೆಯೋದು. ಹಲವು ಥ್ರೆಡ್ ಹಂಚಿಕೊಳ್ಳಬಹುದಾದ ಆರ್ಕ್, ಒಂದು ಸಲಕ್ಕೆ ಒಬ್ಬರನ್ನೇ ಬಿಡೋ ಲಾಕ್ ಆದ ಮ್ಯೂಟೆಕ್ಸ್ ಹಾಕಿದ ಮೇಲೆ ಸುಮ್ಮನಾಯ್ತು. ಆ ಧೈರ್ಯದಲ್ಲಿ ಹಳೇ ಥ್ರೆಡ್ ಟೆಸ್ಟ್‌ಗಳನ್ನ ನಾನೇ ಕಿತ್ತು ಬಿಸಾಕಿದೆ.

ಕ್ಯಾಶ್‌ನಲ್ಲಿ (ಬೇಗ ಸಿಗಲಿ ಅಂತ ಮೆಮೊರಿಯಲ್ಲಿ ಇಟ್ಟ ದರಗಳಲ್ಲಿ) ದರ ಹುಡುಕೋ ಸಾಲು ಹೀಗಿತ್ತು: ಲಾಕ್ ತಗೊಂಡು, ಗೆಟ್ ಮಾಡಿ, ಅದರ ಮೇಲೇ ನೇರವಾಗಿ ಮ್ಯಾಚ್ (ಸಿಕ್ತಾ, ಇಲ್ವಾ ಅಂತ ದಾರಿ ಬೇರೆ ಮಾಡೋದು). ಸಿಕ್ಕರೆ ಕ್ಲೋನ್, ಸಿಗದಿದ್ರೆ ಡೇಟಾಬೇಸ್‌ನಿಂದ ತಂದು, ಮತ್ತೆ ಲಾಕ್ ತಗೊಂಡು ಇನ್ಸರ್ಟ್. ನೋಡೋಕೆ ನೀಟು. ಆದ್ರೆ ಮ್ಯಾಚ್‌ನ ತಲೆಯಲ್ಲಿ ಹುಟ್ಟಿದ ಗಾರ್ಡ್ (ಇದು ಇರೋವರೆಗೂ ಲಾಕ್ ಬಿಡಲ್ಲ), ಗೆಟ್ ಮುಗಿದ ತಕ್ಷಣ ಹೋಗಲ್ಲ. ಮ್ಯಾಚ್‌ನ ಕೊನೇ ಬ್ರೇಸ್‌ವರೆಗೂ ಇರುತ್ತೆ. ಅಂದ್ರೆ ಎರಡನೇ ಲಾಕ್‌ಗೆ ಕಾಯ್ತಿರೋ ಥ್ರೆಡ್ಡೇ ಮೊದಲನೇದನ್ನ ಹಿಡ್ಕೊಂಡಿದೆ! ಸರ್ವರ್ ಏಳುವಾಗಲೇ ಎಲ್ಲ ರೂಟಿನ ದರ ತುಂಬ್ತಿದ್ದರಿಂದ ಆ ದಾರಿಗೆ ಯಾರೂ ಹೋಗಿರಲಿಲ್ಲ. ದೀಪಾವಳಿ ರಶ್ಶಿಗೆ ಅಂತ ಹೊಸ ರೂಟ್ ಸೇರಿಸಿದ ಸಂಜೆ ಒಂದು ಥ್ರೆಡ್ ಆ ದಾರಿಗೆ ಹೋಗಿ ಸಿಕ್ಕಿಬಿತ್ತು, ಹಿಂದೆಯೇ ಎಲ್ಲವೂ ಸಾಲಾಗಿ ನಿಂತ್ವು. ಪ್ಯಾನಿಕ್ (ರಸ್ಟ್ ಪ್ರೋಗ್ರಾಂ ತಪ್ಪು ಕಂಡು ತಾನೇ ನಿಲ್ಲೋದು) ಇಲ್ಲ, ಲಾಗ್ ಇಲ್ಲ, ಸಿಪಿಯು ಹೆಚ್ಚುಕಮ್ಮಿ ಸೊನ್ನೆ. ಮೂರು ಗಂಟೆ ನೆಟ್‌ವರ್ಕ್ ಟೀಮನ್ನ ಬೈದೆ, ಪಾಪ.

ಸರಿ ಮಾಡಿದ್ದು ಒಂದೇ ಸಾಲು: ಗೆಟ್ ಮಾಡಿ ಕ್ಲೋನ್ ಮಾಡಿದ್ದನ್ನ ಮೊದಲು ಲೆಟ್‌ನಲ್ಲಿ ಇಟ್ಕೊಂಡು, ಆಮೇಲೆ ಅದರ ಮೇಲೆ ಮ್ಯಾಚ್. ಸೆಮಿಕೋಲನ್ ಬಂದಲ್ಲೇ ಗಾರ್ಡ್ ಹೋಗುತ್ತೆ. ಈಗ ನಡುವೆ ಲಾಕ್ ಬಿಟ್ಟಿರೋದ್ರಿಂದ ಎರಡು ಥ್ರೆಡ್ ಒಂದೇ ದರವನ್ನ ಎರಡು ಸಲ ತರಬಹುದು. ತರಲಿ ಬಿಡಿ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ಸೆಂಡ್, ಅದರ ಜೊತೆಗಾರ ಸಿಂಕ್ (ಹಲವು ಥ್ರೆಡ್ ಒಟ್ಟಿಗೆ ನೋಡಬಹುದು ಅನ್ನೋ ಗುರುತು) ತಡೆಯೋದು ಡೇಟಾ ರೇಸನ್ನ, ಅಂದ್ರೆ ಒಬ್ಬರು ಬರೆಯುವಾಗಲೇ ಇನ್ನೊಬ್ಬರು ಅದೇ ಡೇಟಾ ಮುಟ್ಟೋದನ್ನ. ನಮಗಾದ ಹಾಗೆ ಲಾಕ್‌ಗೆ ಕಾಯ್ತಾ ಶಾಶ್ವತವಾಗಿ ನಿಲ್ಲೋ ಡೆಡ್‌ಲಾಕ್ ರಸ್ಟ್ ಲೆಕ್ಕದಲ್ಲಿ 'ಸೇಫ್' ಕೋಡೇ. ಸೆಷನ್ ಟೈಪ್ ಬೇರೆ ಜಾತಿ: ಯಾರು ಯಾರಿಗೆ ಯಾವ ಕ್ರಮದಲ್ಲಿ ಏನು ಕಳಿಸಬೇಕು ಅನ್ನೋದನ್ನೇ ಟೈಪ್ ಮಾಡೋದು. ಕಂಪ್ಯೂಟರ್ ವಿಜ್ಞಾನಿ ಕೊಹೆಯಿ ಹೋಂಡಾ 1993ರಲ್ಲಿ ಇಬ್ಬರ ಮಾತುಕತೆಗೆ ಶುರು ಮಾಡಿದ್ದು. 2008ರಲ್ಲಿ ಹೋಂಡಾ, ಯೋಶಿದಾ, ಕಾರ್ಬೋನೆ ಅದನ್ನ ಹಲವರಿಗೆ ಹಿಗ್ಗಿಸಿದ್ರು. ಚೆಂದದ ವಿಚಾರ. ಆದ್ರೆ ಚಾನೆಲ್ (ಸಂದೇಶ ಕಳಿಸೋ ಕೊಳವೆ) ಮೇಲಿನ ಮಾತಿಗೆ ಅದು; ನನ್ನ ಮ್ಯೂಟೆಕ್ಸ್‌ಗೆ ಏನೂ ಮಾಡ್ತಿರಲಿಲ್ಲ. ಒಂದೇ ಥ್ರೆಡ್ ಎರಡು ಸೆಷನ್ ಹೆಣೆದುಕೊಂಡ್ರೆ ಸಾಮಾನ್ಯ ಸೆಷನ್ ಟೈಪ್ ಇದ್ದೂ ಸಿಕ್ಕಿಹಾಕಿಕೊಳ್ಳಬಹುದು.

ಟೆಸ್ಟ್ ಬರೀರಿ. ಸಣ್ಣ ತುಂಡುಗಳಿಗೆ ಲೂಮ್ ಅನ್ನೋ ರಸ್ಟ್ ಟೆಸ್ಟ್ ಸಲಕರಣೆ ಹಚ್ಚಿ, ಥ್ರೆಡ್‌ಗಳ ಬೇರೆಬೇರೆ ಸರದಿಯನ್ನ ಅದೇ ಓಡಿಸಿ ನೋಡುತ್ತೆ. ರಸ್ಟ್ ಕೋಡಿನ ತಪ್ಪು ತೋರಿಸೋ ಕ್ಲಿಪ್ಪಿಯಲ್ಲಿ 'ಸಿಗ್ನಿಫಿಕೆಂಟ್ ಡ್ರಾಪ್ ಇನ್ ಸ್ಕ್ರೂಟಿನೀ' ಅನ್ನೋ ಲಿಂಟ್ (ಎಚ್ಚರಿಕೆ) ಇದೆ, ಮ್ಯಾಚ್‌ನ ತಲೆಯಲ್ಲಿ ಉಳಿಯೋ ಇಂಥ ಗಾರ್ಡನ್ನೇ ಅದು ಹಿಡಿಯೋದು, ತಾನಾಗಿ ಆನ್ ಇರಲ್ಲ, ಇವತ್ತೇ ಆನ್ ಮಾಡಿ. ನಮ್ಮ ಕೋಡಲ್ಲಿ ಅದು ಇನ್ನೂ ನಾಲ್ಕು ತೋರಿಸ್ತು. ಎರಡು ನಾನೇ ಬರೆದಿದ್ದು.