ಓದುಗರ ಪ್ರಶ್ನೆ: ಸದನದಲ್ಲಿ ಲೆಕ್ಕ ಕೇಳುವ ಶಾಸಕರಿಗೆ ಸಿಗುವ ಉತ್ತರವೇನು?

ಪ್ರಶ್ನೆ: ಸಂಕಷ್ಟದಲ್ಲಿರುವವರಿಗೆ ಸರ್ಕಾರ ಘೋಷಿಸಿದ್ದ ನೆರವಿನ ಬಗ್ಗೆ ನಮ್ಮ ಕ್ಷೇತ್ರದ ಶಾಸಕರು ಸದನದಲ್ಲಿ ಪ್ರಶ್ನೆ ಕೇಳಿದ್ದರು. ಸಚಿವರು ಕೋಟಿಗಳಲ್ಲಿ ಒಂದು ಮೊತ್ತ ಹೇಳಿದರು, ವಿಷಯ ಅಲ್ಲಿಗೇ ಮುಗಿಯಿತು. ನೆರವು ಕೈಗೆ ಬಾರದವರಿಗೆ ಇದರಿಂದ ಏನೂ ತಿಳಿಯಲಿಲ್ಲ. ಹಣಕಾಸಿನ ವಿಷಯದಲ್ಲಿ ಶಾಸಕರ ಪ್ರಶ್ನೆಗೆ ನಿಜವಾಗಿಯೂ ಬಲವಿದೆಯೇ?

ಉತ್ತರ: ಬಲವಿದೆ. ಆದರೆ ಆ ಬಲ ಬಹುಮಟ್ಟಿಗೆ ಪ್ರಶ್ನೆಯ ಪದಗಳನ್ನೇ ಅವಲಂಬಿಸಿದೆ. ‘ಎಷ್ಟು ಹಣ ನೀಡಲಾಗಿದೆ?’ ಎಂದು ಕೇಳಿದರೆ ಇಲಾಖೆ ತನಗೆ ಅನುಕೂಲವಾದ ಅಂಕಿಯನ್ನು ಕೊಡುತ್ತದೆ. ಬಜೆಟ್‌ನಲ್ಲಿ ಒದಗಿಸಿದ ಅನುದಾನ, ಆರ್ಥಿಕ ಇಲಾಖೆ ಬಿಡುಗಡೆ ಮಾಡಿದ ಹಣ, ಖಜಾನೆಯಿಂದ ಸೆಳೆದ ಹಣ, ಫಲಾನುಭವಿಯ ಖಾತೆಗೆ ಸೇರಿದ ಹಣ ಇವು ನಾಲ್ಕು ಬೇರೆ ಬೇರೆ ಮೊತ್ತಗಳು. ಇವುಗಳ ಪೈಕಿ ಯಾವುದನ್ನು ಹೇಳಿದರೂ ಉತ್ತರ ಸುಳ್ಳಾಗುವುದಿಲ್ಲ. ಖಜಾನೆಯಿಂದ ಹೊರಟ ಹಣ ಒಂದು ನಿಗಮದ ಠೇವಣಿ ಖಾತೆಯಲ್ಲಿ ತಿಂಗಳುಗಟ್ಟಲೆ ಕುಳಿತಿದ್ದರೂ ಸರ್ಕಾರದ ಲೆಕ್ಕದಲ್ಲಿ ಅದು ‘ವೆಚ್ಚ’ ಎಂದೇ ದಾಖಲಾಗಬಹುದು. ಹಣವನ್ನು ಉದ್ದೇಶಿತ ಕೆಲಸಕ್ಕೇ ಬಳಸಲಾಗಿದೆ ಎಂದು ದೃಢಪಡಿಸುವ ಹಣ ಬಳಕೆ ಪ್ರಮಾಣಪತ್ರ ಬಂದಿದೆಯೇ ಎಂಬ ಒಂದು ಉಪಪ್ರಶ್ನೆ ಸೇರಿದ್ದರೆ ನಿಮ್ಮ ಶಾಸಕರಿಗೆ ಸಿಕ್ಕ ಉತ್ತರವೇ ಬೇರೆಯಾಗುತ್ತಿತ್ತು.

ಒಂದು ಉದಾಹರಣೆ ನೋಡೋಣ. 2020ರ ಮೇ 6ರಂದು, ಲಾಕ್‌ಡೌನ್‌ನ ದಿನಗಳಲ್ಲಿ, ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ₹1,610 ಕೋಟಿಯ ನೆರವನ್ನು ಘೋಷಿಸಿದರು. ಅದರಲ್ಲಿ 7,75,000 ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ ₹5,000 ಕೊಡುವ ಮಾತಿತ್ತು. ಹಾಗೆಂದರೆ ಆ ಒಂದು ಬಾಬ್ತಿಗೇ ₹387.50 ಕೋಟಿ ಬೇಕು. ಇಂತಹ ಘೋಷಣೆಯ ಬಗ್ಗೆ ಕೇಳುವಾಗ ಎಷ್ಟು ಅರ್ಜಿ ಬಂದವು, ಎಷ್ಟು ತಿರಸ್ಕೃತವಾದವು, ಯಾವ ದಾಖಲೆ ಇಲ್ಲವೆಂದು ತಿರಸ್ಕೃತವಾದವು, ಹಣ ಸಂದಾಯವಾದವರು ತಾಲ್ಲೂಕುವಾರು ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಬೇಕು. ಘೋಷಿಸಿದ ಸಂಖ್ಯೆಗೂ ಸಂದಾಯದ ಸಂಖ್ಯೆಗೂ ಇರುವ ಅಂತರದಲ್ಲೇ ನೀವು ಹೇಳುವ ‘ನೆರವು ಕೈಗೆ ಬಾರದವರು’ ಇರುತ್ತಾರೆ. ಅವರನ್ನು ಲೆಕ್ಕಕ್ಕೆ ತರುವ ಪ್ರಶ್ನೆಯನ್ನು ಇಲಾಖೆ ತಾನಾಗಿ ಎತ್ತುವುದಿಲ್ಲ, ಶಾಸಕರೇ ಎತ್ತಬೇಕು.

ಅದೇ ತಿಂಗಳು ಕೇಂದ್ರ ಸರ್ಕಾರ ಪ್ರಕಟಿಸಿದ ₹20 ಲಕ್ಷ ಕೋಟಿಯ ಪ್ಯಾಕೇಜ್ ಇನ್ನೊಂದು ಪಾಠ ಹೇಳುತ್ತದೆ. ಆ ಮೊತ್ತದಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಒದಗಿಸಿದ ನಗದು ಹರಿವೇ ₹8 ಲಕ್ಷ ಕೋಟಿಗಿಂತ ಹೆಚ್ಚಿತ್ತು. ಸಣ್ಣ ಉದ್ದಿಮೆಗಳಿಗೆಂದು ಹೇಳಿದ ₹3 ಲಕ್ಷ ಕೋಟಿ ಬ್ಯಾಂಕ್ ಸಾಲವಾಗಿತ್ತು; ಅದಕ್ಕೆ ಸರ್ಕಾರ ಕೊಟ್ಟದ್ದು ಖಾತರಿಯನ್ನು. ಸಾಲಕ್ಕೆ ಖಾತರಿ ಕೊಡುವುದು ತಪ್ಪಲ್ಲ, ಬಾಗಿಲು ಮುಚ್ಚಲಿದ್ದ ಘಟಕಗಳಿಗೆ ಅದು ಆಸರೆಯೂ ಆಗುತ್ತದೆ. ಆದರೂ ಮರುಪಾವತಿ ಮಾಡಬೇಕಾದ ಸಾಲವನ್ನೂ ಉಚಿತವಾಗಿ ಕೊಟ್ಟ ಧಾನ್ಯವನ್ನೂ ಒಂದೇ ಮೊತ್ತದಲ್ಲಿ ಕೂಡಿಸಿ ಹೇಳಿದಾಗ, ‘ಇದರಲ್ಲಿ ಸಂಚಿತ ನಿಧಿಯಿಂದ (ಸರ್ಕಾರದ ಆದಾಯ ಮತ್ತು ಸಾಲ ಸೇರುವ ಮುಖ್ಯ ಖಾತೆಯಿಂದ) ಈ ವರ್ಷ ಹೊರಹೋಗುವ ಹಣವೆಷ್ಟು?’ ಎಂದು ಕೇಳುವುದು ಜನಪ್ರತಿನಿಧಿಯ ಮೊದಲ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಸರಿಯಾದ ಪ್ರಶ್ನೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ 1957ರ ಮುಂದ್ರಾ ಪ್ರಕರಣ ಸಾಕ್ಷಿ. ಜೀವ ವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂದ್ರಾ ಅವರ ಆರು ಕಂಪನಿಗಳಲ್ಲಿ ಸುಮಾರು ₹1.24 ಕೋಟಿ ಹೂಡಿತ್ತು. ಲೋಕಸಭೆಯಲ್ಲಿ ಪ್ರಶ್ನೋತ್ತರದ ರೂಪದಲ್ಲಿ ಆರಂಭವಾದ ಈ ವಿಷಯವನ್ನು ಫಿರೋಜ್ ಗಾಂಧಿ ಅವರು ದಾಖಲೆಗಳ ಸಮೇತ ಎತ್ತಿ ಹಿಡಿದರು. ಅವರು ಆಡಳಿತ ಪಕ್ಷದ ಸದಸ್ಯರಾಗಿದ್ದರು, ಪ್ರಧಾನಿ ನೆಹರೂ ಅವರ ಅಳಿಯರೂ ಆಗಿದ್ದರು ಎಂಬುದನ್ನು ಮರೆಯಬಾರದು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು; 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಲೆಕ್ಕ ಕೇಳುವುದು ವಿರೋಧ ಪಕ್ಷದವರ ಕೆಲಸ ಮಾತ್ರ ಎಂದುಕೊಂಡಿರುವ ಇಂದಿನ ಆಡಳಿತ ಪಕ್ಷಗಳ ಶಾಸಕರು ಈ ಪ್ರಕರಣವನ್ನು ಒಮ್ಮೆ ಓದಬೇಕು.

ಪ್ರಶ್ನೆ: ಸಾಲ ಹೆಚ್ಚಾಗಿದೆ ಎಂದು ವಿರೋಧ ಪಕ್ಷದವರು ಹೇಳುತ್ತಾರೆ. ಸಾಲ ಮಿತಿಯೊಳಗಿದೆ ಎಂದು ಸರ್ಕಾರ ಹೇಳುತ್ತದೆ. ಇಬ್ಬರ ಮಾತೂ ನಿಜವಾಗಿರಲು ಸಾಧ್ಯವೇ?

ಉತ್ತರ: ಸಾಧ್ಯ. ಕರ್ನಾಟಕವು 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ತಂದಿತು. ದೇಶದಲ್ಲಿ ಇಂತಹ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ರಾಜ್ಯದ ಒಟ್ಟು ಆಂತರಿಕ ಉತ್ಪನ್ನದಲ್ಲಿ ವಿತ್ತೀಯ ಕೊರತೆ (ಆ ವರ್ಷ ಸಾಲದಿಂದ ತುಂಬಬೇಕಾದ ಅಂತರ) ಶೇ 3ನ್ನು ದಾಟಬಾರದು, ಒಟ್ಟು ಹೊಣೆಗಾರಿಕೆ (ತೀರಿಸಬೇಕಾಗಿ ಉಳಿದಿರುವ ಒಟ್ಟು ಸಾಲ) ಶೇ 25ರೊಳಗೆ ಇರಬೇಕು, ರಾಜಸ್ವ ಕೊರತೆ (ದಿನನಿತ್ಯದ ವೆಚ್ಚ ಆದಾಯವನ್ನು ಮೀರುವುದು) ಇರಬಾರದು ಎಂಬುದು ಅದರ ಮೂರು ಗೆರೆಗಳು. 2025–26ರ ಬಜೆಟ್‌ನ ಗಾತ್ರ ₹4,09,549 ಕೋಟಿ. ಅದರ ಅಂದಾಜಿನಂತೆ ವಿತ್ತೀಯ ಕೊರತೆ ಶೇ 2.95, ಒಟ್ಟು ಹೊಣೆಗಾರಿಕೆ ₹7,64,655 ಕೋಟಿ, ಅಂದರೆ ಶೇ 24.91. ಎರಡು ಗೆರೆಗಳನ್ನು ದಾಟಿಲ್ಲ. ಮೂರನೆಯದರಲ್ಲಿ ಮಾತ್ರ ₹19,262 ಕೋಟಿ ರಾಜಸ್ವ ಕೊರತೆಯನ್ನು ತೋರಿಸಲಾಗಿದೆ. ಆ ಮಟ್ಟಿಗೆ ದಿನನಿತ್ಯದ ವೆಚ್ಚವೂ ಸಾಲದಿಂದಲೇ ನಡೆಯುತ್ತದೆ ಎಂದರ್ಥ.

ಶಾಸಕರು ಇಲ್ಲಿ ನಿಧಾನವಾಗಿ ನಿಂತು ಕೇಳಬೇಕಾದ ಸಂಗತಿಗಳಿವೆ. ಶೇ 24.91 ಎಂಬುದು ಒಂದು ಅನುಪಾತ. ರಾಜ್ಯದ ಉತ್ಪನ್ನ ಅಂದಾಜಿಗಿಂತ ಸ್ವಲ್ಪ ಕಡಿಮೆ ಬೆಳೆದರೂ ಒಂದು ರೂಪಾಯಿ ಹೆಚ್ಚು ಸಾಲ ಮಾಡದೆ ಗೆರೆ ದಾಟಬಹುದು. ಆದ್ದರಿಂದ ಯಾವ ಬೆಳವಣಿಗೆ ದರವನ್ನು ಇಟ್ಟುಕೊಂಡು ಈ ಲೆಕ್ಕ ಹಾಕಲಾಗಿದೆ ಎಂಬುದು ಒಂದು ಪ್ರಶ್ನೆ. ನಿಗಮಗಳು ತಮ್ಮ ಹೆಸರಿನಲ್ಲಿ ತೆಗೆದು, ಅಸಲು ಮತ್ತು ಬಡ್ಡಿಯನ್ನು ಸರ್ಕಾರವೇ ತೀರಿಸುವ ಬಜೆಟ್ ಹೊರಗಿನ ಸಾಲ ಎಷ್ಟು ಎಂಬುದು ಇನ್ನೊಂದು. ರಾಜ್ಯಗಳು ಎಷ್ಟು ಸಾಲ ಎತ್ತಬಹುದು ಎಂಬುದನ್ನು ಸಂವಿಧಾನದ 293(3)ನೇ ವಿಧಿಯಡಿ ನಿಗದಿ ಮಾಡುವಾಗ ಕೇಂದ್ರವು 2022ರಿಂದ ಇಂತಹ ಸಾಲವನ್ನೂ ಲೆಕ್ಕಕ್ಕೆ ಹಿಡಿಯುತ್ತಿದೆ. ತೆಗೆದ ಸಾಲದಲ್ಲಿ ರಸ್ತೆ, ನೀರಾವರಿಯಂತಹ ಆಸ್ತಿಗೆ ಹೋದದ್ದೆಷ್ಟು, ಹಳೆಯ ಸಾಲ ತೀರಿಸಲು ಹೋದದ್ದೆಷ್ಟು ಎಂದು ಕೇಳದೆ ಬರೀ ‘ಸಾಲ ಎಷ್ಟು?’ ಎಂದು ಕೂಗಾಡುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಸರ್ಕಾರದ ಪಾಲಿಗೂ ನ್ಯಾಯವಾಗಿರಬೇಕು. ರಾಜ್ಯದ ಆದಾಯದ ಒಂದು ಭಾಗ ವಿಧಾನಸೌಧದ ಕೈಯಲ್ಲಿಲ್ಲ. ಕೇಂದ್ರ ತೆರಿಗೆಯ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಅವಧಿಯಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದ ಅವಧಿಯಲ್ಲಿ ಶೇ 3.647ಕ್ಕೆ ಇಳಿಯಿತು. ಕೇಂದ್ರ ವಿಧಿಸುವ ಸೆಸ್ ಮತ್ತು ಸರ್ಚಾರ್ಜ್‌ಗಳು ಹಂಚಿಕೆಯ ಲೆಕ್ಕಕ್ಕೇ ಬರುವುದಿಲ್ಲ. ಆ ಪ್ರಶ್ನೆಯನ್ನು ನಮ್ಮ ಸಂಸದರು ದೆಹಲಿಯಲ್ಲಿ, ಪಕ್ಷಭೇದ ಬಿಟ್ಟು, ಕೇಳಬೇಕಾಗುತ್ತದೆ.

ಪ್ರಶ್ನೆ: ಶಾಸಕರಿಗೆ ಒಂದು ವೆಚ್ಚ ಸರಿಯಿಲ್ಲ ಎನಿಸಿದರೆ ಅದನ್ನು ತಡೆಯಬಹುದೇ?

ಉತ್ತರ: ತಾತ್ವಿಕವಾಗಿ ಹೌದು. ಇಲಾಖೆಯ ಅನುದಾನದ ಬೇಡಿಕೆ ಮತಕ್ಕೆ ಬಂದಾಗ, ಆ ಮೊತ್ತವನ್ನು ಇಳಿಸಬೇಕೆಂದು ಕೋರುವ ಕಡಿತ ಸೂಚನೆ ಮಂಡಿಸಬಹುದು. ಆದರೆ ಬಹುಮತವಿರುವ ಸರ್ಕಾರದ ಮುಂದೆ ಅದು ಗೆಲ್ಲುವುದು ಅಪರೂಪ. ಸಾಲದ ಬಡ್ಡಿಯಂತಹ ಪ್ರಭೃತ ವೆಚ್ಚವನ್ನು (ಸಂಚಿತ ನಿಧಿಯ ಮೇಲೆ ನೇರವಾಗಿ ಹೊರಿಸಿದ ವೆಚ್ಚವನ್ನು) ಸಂವಿಧಾನದ 203ನೇ ವಿಧಿಯಂತೆ ಚರ್ಚಿಸಬಹುದೇ ಹೊರತು ಮತಕ್ಕೆ ಹಾಕುವಂತಿಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚು ನೋವಿನ ಸಂಗತಿ ಬೇರೆ: ಹಲವು ಇಲಾಖೆಗಳ ಬೇಡಿಕೆಗಳು ಸಮಯವಿಲ್ಲವೆಂಬ ಕಾರಣಕ್ಕೆ ಚರ್ಚೆಯಿಲ್ಲದೆ ಒಟ್ಟಿಗೇ ಅಂಗೀಕಾರವಾಗುತ್ತವೆ. ವರ್ಷದ ನಡುವೆ ಬರುವ ಪೂರಕ ಅಂದಾಜುಗಳಿಗೆ ಸಿಗುವ ಗಮನ ಇನ್ನೂ ಕಡಿಮೆ. ಬಜೆಟ್ ಮಂಡಿಸಿದಾಗ ಕಾಣದ ವೆಚ್ಚಗಳು ಕಾಣಿಸಿಕೊಳ್ಳುವುದು ಅಲ್ಲಿಯೇ.

ಪ್ರಶ್ನೆ: ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂದು ಉತ್ತರ ಬಂದರೆ ಮುಂದೇನು?

ಉತ್ತರ: ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ‘ಬಂದಿದೆ’, ಅದರ ಮುಂದಿನ ಭಾಗಕ್ಕೆ ‘ಉದ್ಭವಿಸುವುದಿಲ್ಲ’ ಎಂಬ ಉತ್ತರಗಳನ್ನು ಕಂಡವರಿಗೆ ನಿಮ್ಮ ಬೇಸರ ಅರ್ಥವಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರನ್ನು ಅಲ್ಲೇ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರವಷ್ಟೇ ಸಿಗುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಪ್ರಶ್ನೋತ್ತರ ಅವಧಿಯನ್ನು ಕೈಬಿಟ್ಟು ಲಿಖಿತ ಉತ್ತರಗಳನ್ನು ಮಾತ್ರ ಉಳಿಸಿಕೊಂಡಾಗ ನಾವು ಕಳೆದುಕೊಂಡದ್ದು ಈ ಉಪಪ್ರಶ್ನೆಯನ್ನೇ. ಸಚಿವರು ಸದನದಲ್ಲಿ ಮಾಹಿತಿ ಒದಗಿಸುವುದಾಗಿ ಮಾತು ಕೊಟ್ಟರೆ ಅದು ಭರವಸೆ ಎನಿಸಿಕೊಳ್ಳುತ್ತದೆ, ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಖರ್ಚಾದ ಹಣದ ಮೇಲೆ ಸಿಎಜಿ (ಭಾರತದ ಮಹಾಲೇಖಪಾಲರು) ವರದಿ 151ನೇ ವಿಧಿಯಂತೆ ಸದನಕ್ಕೆ ಬಂದು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯ ಮುಂದೆ ಹೋಗುತ್ತದೆ. ಅಲ್ಲಿ ಇಲಾಖೆಯ ಕಾರ್ಯದರ್ಶಿಯೇ ಕುಳಿತು ವಿವರಣೆ ಕೊಡಬೇಕು.

ನಿಮ್ಮ ಶಾಸಕರಿಗೆ ಪತ್ರ ಬರೆಯುವಾಗ ಯೋಜನೆಯ ಹೆಸರಿನ ಜೊತೆಗೆ ಸರ್ಕಾರಿ ಆದೇಶದ ಸಂಖ್ಯೆ, ಲೆಕ್ಕ ಶೀರ್ಷಿಕೆ (ಬಜೆಟ್‌ನಲ್ಲಿ ಆ ವೆಚ್ಚಕ್ಕೆ ಕೊಟ್ಟ ಸಂಕೇತ ಸಂಖ್ಯೆ), ವರ್ಷ ಮತ್ತು ತಾಲ್ಲೂಕನ್ನು ನಮೂದಿಸಿ. ನಿಮ್ಮ ಅರ್ಜಿ ತಿರಸ್ಕೃತವಾಗಿದ್ದರೆ ಆ ಹಿಂಬರಹದ ಪ್ರತಿಯನ್ನೂ ಲಗತ್ತಿಸಿ. ಅಷ್ಟು ವಿವರವಿರುವ ಪ್ರಶ್ನೆಗೆ ‘ಉದ್ಭವಿಸುವುದಿಲ್ಲ’ ಎಂದು ಬರೆಯುವುದು ಯಾವ ಇಲಾಖೆಗೂ ಸುಲಭವಲ್ಲ.