ಅಂದಾಜು ಲೆಕ್ಕಕ್ಕೆ ಪ್ರೋಟೀನ್ ಸಿಗುತ್ತದೆಯೇ?

ಪ್ರಶ್ನೆ: ಪ್ರೋಟೀನ್, ಡಿಎನ್‌ಎಗಳಿಗೆ ಸೆಮಿ-ಎಂಪಿರಿಕಲ್ ಲೆಕ್ಕ, ಅಂದರೆ ಅಣುವಿನ ಆಕಾರ, ಶಕ್ತಿಯನ್ನು ಅರ್ಧ ಸಿದ್ಧಾಂತ, ಅರ್ಧ ಪ್ರಯೋಗದ ಅಂಕಿಗಳಿಂದ ಅಂದಾಜು ಮಾಡುವ ವಿಧಾನ ಬಳಸುತ್ತಾರಂತೆ. ಕಂಪ್ಯೂಟರ್‌ಗಳು ಇಷ್ಟು ವೇಗವಾಗಿರುವಾಗ ಸರಿಯಾದ ಲೆಕ್ಕವನ್ನೇ ಮಾಡಬಾರದಾ? ಅಂದಾಜನ್ನು ನಂಬೋದು ಹೇಗೆ?

ಉತ್ತರ: ಪುಟ್ಟ ಅಣುವಾದರೆ ಮಾಡಬಹುದು. ಆದರೆ ತುಂಬ ನಿಖರ ಅನ್ನಿಸಿಕೊಂಡಿರುವ ಕಪಲ್ಡ್ ಕ್ಲಸ್ಟರ್ ಲೆಕ್ಕದಲ್ಲಿ ಅಣು ಎರಡು ಪಟ್ಟು ದೊಡ್ಡದಾದರೆ ಕೆಲಸ 128 ಪಟ್ಟಾಗುತ್ತದೆ. ಇನ್ನೊಮ್ಮೆ ಎರಡು ಪಟ್ಟು ಮಾಡಿ, 16 ಸಾವಿರ ಪಟ್ಟು ದಾಟಿತು! ಸಾಲದ್ದಕ್ಕೆ ಪ್ರೋಟೀನ್ ಒಂದೇ ಆಕಾರದಲ್ಲಿ ಸುಮ್ನೆ ಕೂರುವುದಿಲ್ಲ, ಸದಾ ಅಲುಗಾಡುತ್ತಿರುತ್ತದೆ, ಹಾಗಾಗಿ ಅದೇ ಲೆಕ್ಕವನ್ನು ಲಕ್ಷಗಟ್ಟಲೆ ಸಲ ಮಾಡಬೇಕು.

ಅದಕ್ಕೇ ಅಂದಾಜು. ಹೊರಗಿನ ಎಲೆಕ್ಟ್ರಾನ್‌ಗಳನ್ನಷ್ಟೇ ಹಿಡಿಯುತ್ತಾರೆ, ಅವುಗಳ ನಡುವಿನ ತಳ್ಳಾಟವನ್ನು ಅಳೆಯುವ ಇಂಟಿಗ್ರಲ್‌ಗಳಲ್ಲಿ (ಲೆಕ್ಕದ ತುಣುಕುಗಳಲ್ಲಿ) ಬಹುಪಾಲನ್ನು ಸೊನ್ನೆ ಅಂದುಬಿಡುತ್ತಾರೆ, ಆದ ಕೊರತೆಯನ್ನು ಪ್ರಯೋಗದ ಅಂಕಿಗಳಿಗೆ ಹೊಂದಿಸಿದ ಪ್ಯಾರಾಮೀಟರ್‌ಗಳಿಂದ ತುಂಬುತ್ತಾರೆ. ಡ್ಯೂವರ್ ಮತ್ತು ತೀಲ್ 1977ರಲ್ಲಿ ತಂದ ಎಂಎನ್‌ಡಿಒ ಇಂಥದ್ದೇ ಒಂದು ವಿಧಾನ. ಪುಟ್ಟ ಸಾವಯವ ಅಣುಗಳಿಗೆ ಚೆನ್ನಾಗಿತ್ತು. ಆದರೆ ಸ್ವಲ್ಪ ದೂರದಲ್ಲಿರುವ ಪರಮಾಣುಗಳು ಅದರಲ್ಲಿ ಒಂದನ್ನೊಂದು ಜಾಸ್ತಿ ತಳ್ಳುತ್ತಿದ್ದವು, ಹೈಡ್ರೋಜನ್ ಬಂಧ (ಒಂದು ಅಣುವಿನ ಹೈಡ್ರೋಜನ್‌ಗೂ ಪಕ್ಕದ ಆಮ್ಲಜನಕ ಅಥವಾ ಸಾರಜನಕಕ್ಕೂ ನಡುವಿನ ಸೆಳೆತ) ಹೆಚ್ಚುಕಮ್ಮಿ ಮಾಯ. ಡಿಎನ್‌ಎಯ ಎರಡು ಎಳೆಗಳು ಜೋಡಿಯಾಗಿರುವುದೇ ಆ ಬಂಧದಿಂದ, ಇನ್ನು ಜೀವದ ಅಣುಗಳಿಗೆ ಇದು ಹೇಗೆ ನಡೆದೀತು?

ಅದರ ನಂತರ ಬಂದ 1985ರ ಎಎಂ1 ವಿಧಾನ ಆ ತಳ್ಳಾಟಕ್ಕೆ ತೇಪೆ ಹಾಕಿತು. ಬಂಧವೇನೋ ಬಂತು, ಆದರೆ ಎರಡು ನೀರಿನ ಅಣುಗಳು ಕೈಹಿಡಿಯುವ ಭಂಗಿಯೇ ತಪ್ಪಾಗಿತ್ತು. 1989ರ ಪಿಎಂ3 ಅದನ್ನು ಸುಧಾರಿಸಿತು, ಬದಲಿಗೆ ಸಂಬಂಧವೇ ಇಲ್ಲದ ಎರಡು ಹೈಡ್ರೋಜನ್‌ಗಳು ಹತ್ತಿರ ಬಂದರೆ ಸುಳ್ಳು ಆಕರ್ಷಣೆ ತೋರಿಸತೊಡಗಿತು. ಪ್ಯಾರಾಮೀಟರ್ ತಿರುಚುತ್ತಾ ಹೋದರೆ ಆಗುವುದೇ ಇದು, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತದೆ. ಬಿಟ್ಟುಹೋದ ಭೌತಶಾಸ್ತ್ರವನ್ನು ವಾಪಸ್ ತರುವುದೇ ಸರಿಯಾದ ದಾರಿ ಅಂತ ನನ್ನ ಅನಿಸಿಕೆ. ಡಿಎನ್‌ಎಯ ಬೇಸ್‌ಗಳನ್ನು ಒಂದರ ಮೇಲೊಂದು ನಿಲ್ಲಿಸುವ ಡಿಸ್ಪರ್ಷನ್ ಬಲ (ಎಲೆಕ್ಟ್ರಾನ್‌ಗಳ ಅಲುಗಾಟದಿಂದ ಹುಟ್ಟುವ ದುರ್ಬಲ ಸೆಳೆತ) ಹಳೆಯ ವಿಧಾನಗಳಿಗೆ ಕಾಣುತ್ತಲೇ ಇರಲಿಲ್ಲ, ಈಗ ರಸಾಯನಶಾಸ್ತ್ರಜ್ಞ ಗ್ರಿಮ್ಮೆ ಅವರ ಡಿ3ಯಂಥ ತಿದ್ದುಪಡಿಗಳು ಅದನ್ನು ಹೊರಗಿನಿಂದ ಕೂಡಿಸುತ್ತವೆ. 2019ರ ಜಿಎಫ್‌ಎನ್2-ಎಕ್ಸ್‌ಟಿಬಿ ಎಂಬ ವಿಧಾನ ಇನ್ನೂ ಮುಂದೆ ಹೋಗಿ, ಪರಮಾಣುವಿನ ಸುತ್ತ ಚಾರ್ಜ್ ಹೇಗೆ ಹರಡಿದೆ ಅನ್ನುವುದನ್ನೂ ಗಮನಿಸುತ್ತದೆ. ಹಾಗಾಗಿ ಹೈಡ್ರೋಜನ್ ಬಂಧಕ್ಕೆ ಪ್ರತ್ಯೇಕ ತೇಪೆಯೇ ಬೇಡ.

ಪ್ರಶ್ನೆ: ಲೆಕ್ಕ ಹಾಕಿದ ಶಕ್ತಿಯಲ್ಲಿ ಸರಾಸರಿ ತಪ್ಪು ಮೋಲ್‌ಗೆ 1 ಕಿಲೋಕ್ಯಾಲೊರಿ ಇದ್ದರೆ ಸಾಕಲ್ವಾ?

ಉತ್ತರ: ಪುಟ್ಟ ಅಣುವಿಗೆ ಸಾಕು. ಪ್ರೋಟೀನ್‌ನಲ್ಲಿ ನೂರಾರು ಹೈಡ್ರೋಜನ್ ಬಂಧಗಳಿವೆ, ಪ್ರತಿಯೊಂದರಲ್ಲೂ ಅರ್ಧ ಕಿಲೋಕ್ಯಾಲೊರಿ ತಪ್ಪು, ಅದೂ ಒಂದೇ ದಿಕ್ಕಿಗೆ ಅಂದುಕೊಳ್ಳಿ, ಒಟ್ಟು ಎಷ್ಟಾಯಿತು? ಕ್ರಿಯೆಯ ವೇಗ ಬೇಕಿದ್ದರಂತೂ, ಕೋಣೆಯ ತಾಪಮಾನದಲ್ಲಿ ಬರೀ 1.4 ಕಿಲೋಕ್ಯಾಲೊರಿ ತಪ್ಪಿದರೂ ಉತ್ತರ ಹತ್ತು ಪಟ್ಟು ಆಚೀಚೆ ಆಗುತ್ತದೆ.

ಪ್ರಶ್ನೆ: ನನ್ನ ಎಂಜೈಮ್‌ನಲ್ಲಿ ಸತುವಿದೆ. ಪಿಎಂ3ರ ನಂತರದ ಪಿಎಂ6 ವಿಧಾನ ಬಳಸಲಾ?

ಉತ್ತರ: ಅದರಲ್ಲಿ 70 ಮೂಲವಸ್ತುಗಳಿಗೆ ಪ್ಯಾರಾಮೀಟರ್ ಇದೆ, ಸತುವಿಗೂ ಇದೆ. ಇದೆ ಅಂದಮಾತ್ರಕ್ಕೆ ನಿಮ್ಮ ಎಂಜೈಮ್‌ಗೆ ಹೊಂದುತ್ತದೆ ಅಂತಲ್ಲ. ಸತುವನ್ನೂ ಅದನ್ನು ಹಿಡಿದಿರುವ ಹಿಸ್ಟಿಡಿನ್, ಸಿಸ್ಟೀನ್‌ಗಳನ್ನೂ ಕತ್ತರಿಸಿ ತೆಗೆದು, ಆ ತುಣುಕನ್ನು ಮೊದಲು ಡಿಎಫ್‌ಟಿಯಲ್ಲಿ (ಸೆಮಿ-ಎಂಪಿರಿಕಲ್‌ಗಿಂತ ನಿಧಾನ, ಆದರೆ ಹೆಚ್ಚು ನಂಬಬಹುದಾದ ವಿಧಾನ) ಲೆಕ್ಕ ಮಾಡಿ ಹೋಲಿಸಿ. ಬಂಧದ ಉದ್ದವೇ ಹೊಂದದಿದ್ದರೆ ಶಕ್ತಿಯ ಅಂಕಿಗಳನ್ನು ನೋಡಲೂ ಹೋಗಬೇಡಿ.